ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಮೊಬೈಲ್ ಹಿಡಿಸಿದ್ದೀರಿ, ಪಾಠವನ್ನೂ ಕೊಡಿ

ಮಾನ್ಯ ಶಿಕ್ಷಣ ಸಚಿವರೇ,

ವಂದನೆಗಳು. ಶಾಲೆಗೆ ಹೇಳಿದ್ದಾಯಿತು, ಮೇಲಿನ ಕಚೇರಿಗೆ ಅರ್ಜಿ ಬರೆದದ್ದಾಯಿತು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಕೇಳಿ ಕೇಳಿ ಸಾಕಾಗಿ ಈಗ ಎಲ್ಲರೆದುರು ನಿಮಗೇ ಬರೆಯುತ್ತಿದ್ದೇನೆ. ಬೇಡಿಕೆ ಒಂದೇ: ನಾಲ್ಕನೇ ತರಗತಿಯಿಂದ ಮೇಲಿನ ಪ್ರತಿ ಮಗುವಿಗೂ ವಾರಕ್ಕೊಂದು ಪೀರಿಯಡ್ ಇಂಟರ್ನೆಟ್ ಪಾಠ ಬೇಕು. ವರ್ಷಕ್ಕೊಂದು ಭಾಷಣ ಬೇಡ. ವೇಳಾಪಟ್ಟಿಯಲ್ಲಿ ಗಣಿತ, ವಿಜ್ಞಾನದ ಪಕ್ಕದಲ್ಲಿ ಅಚ್ಚಾಗಿರುವ ಪೀರಿಯಡ್ ಬೇಕು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳಿಗೆ ಮೊಬೈಲ್ ಕೊಡಿಸಿ ಎಂದು ನಮ್ಮ ಬೆನ್ನು ಬಿದ್ದವರು ಶಾಲೆಯವರೇ. ಆಮೇಲೆ ಶಾಲೆಗಳು ತೆರೆದವು, ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಹೋಮ್‌ವರ್ಕ್ ಬರುವುದು ವಾಟ್ಸಾಪ್‌ನಲ್ಲಿ. ನಾಳೆ ಬಣ್ಣದ ಕಾಗದ ತನ್ನಿ ಎಂಬ ಅಪ್ಪಣೆಯೂ ರಾತ್ರಿ ಒಂಬತ್ತು ಗಂಟೆಗೆ ಅಲ್ಲಿಯೇ. ತಾನಾಗಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು ಎಂದು ಆ ಆ್ಯಪ್‌ನ ನಿಯಮವೇ ಹೇಳುತ್ತದೆ. ಆರನೇ ತರಗತಿಯ ಮಗುವಿಗೆ ಎಷ್ಟು ವಯಸ್ಸು ಎಂದು ಶಿಕ್ಷಣ ಸಚಿವರಿಗೆ ನಾನು ಹೇಳಿಕೊಡಬೇಕೇ?

ನನ್ನ ಮಗಳು ಆರನೇ ತರಗತಿಯಲ್ಲಿದ್ದಳು. ತರಗತಿಯ ಗುಂಪಿನಲ್ಲಿ ಮಕ್ಕಳದೇ ನಂಬರುಗಳಿದ್ದವು, ಗುಂಪಿಗೆ ಸೇರುವ ಲಿಂಕ್ ಊರೆಲ್ಲ ಸುತ್ತಿತ್ತು. ಶಾಲೆಯ ಲಾಂಛನವನ್ನೇ ಪ್ರೊಫೈಲ್ ಚಿತ್ರ ಮಾಡಿಕೊಂಡ ಒಬ್ಬ ಒಳಗೆ ಬಂದ. ಗುಂಪಿಗೆ ಸೇರಿದವನಿಗೆ ಎಲ್ಲರ ನಂಬರೂ ಕಾಣುತ್ತದೆ, ಅವನಿಗೆ ಅಷ್ಟೇ ಬೇಕಿತ್ತು. ಗುರುತಿನ ಚೀಟಿಗೆ ಸಮವಸ್ತ್ರದ ಫೋಟೊ ಕಳುಹಿಸು ಎಂದು ಮಗಳಿಗೆ ಸಂದೇಶ ಹಾಕಿದ. ಕಳುಹಿಸಿದಳು. ಇದು ಸರಿಯಾಗಿ ಬಂದಿಲ್ಲ, ಇನ್ನೊಂದು ಎಂದ. ಅದನ್ನೂ ಕಳುಹಿಸಿದಳು. ಅದರ ನಂತರ ಬಂದ ಸಂದೇಶಗಳನ್ನು ನಾನು ಇಲ್ಲಿ ಬರೆಯಲಾರೆ. ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಾಗ, ಎರಡೂ ಫೋಟೊಗಳನ್ನು ತಿರುಚಿ ಎಲ್ಲರಿಗೂ ಹಂಚುತ್ತೇನೆ ಎಂದು ಬೆದರಿಸಿದ.

ಮಗು ಯಾರಿಗೂ ಹೇಳಲಿಲ್ಲ. ಊಟ ಬಿಟ್ಟಳು, ಫೋನ್ ಸದ್ದು ಮಾಡಿದರೆ ಬೆಚ್ಚಿಬೀಳುತ್ತಿದ್ದಳು. ಕೊನೆಗೆ ನಾನು ಕೂರಿಸಿಕೊಂಡು ಕೇಳಿದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಮೊಬೈಲ್ ಕಿತ್ತುಕೊಳ್ಳುತ್ತೀಯಾ?" ಎರಡನೆಯದು, "ನಾನು ಎಲ್ಲವನ್ನೂ ಡಿಲೀಟ್ ಮಾಡಿದ್ದೇನೆ, ಫೋಟೊ ಈಗ ಎಲ್ಲೂ ಇಲ್ಲ." ಅವಳ ಮೊಬೈಲಿನಲ್ಲಿ ಇರಲಿಲ್ಲ, ನಿಜ. ಅವನ ಮೊಬೈಲಿನಲ್ಲಿತ್ತು. ಫೋಟೊಗಳ ಜೊತೆ ಅವಳು ಅವನ ಸಂದೇಶಗಳನ್ನೂ ಅಳಿಸಿದ್ದಳು. ದೂರು ಕೊಡಲು ಹೋದಾಗ ಎದುರಾದ ಮೊದಲ ಪ್ರಶ್ನೆಯೇ ಸಾಕ್ಷ್ಯ ಎಲ್ಲಿದೆ ಎಂಬುದು.

ಶಾಲೆಯ ಮುಖ್ಯಸ್ಥರು "ಇದನ್ನು ದೊಡ್ಡದು ಮಾಡಬೇಡಿ, ಹುಡುಗಿಯ ಭವಿಷ್ಯ ನೋಡಿ" ಎಂದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ 19ನೇ ಕಲಂ ನಿಮಗೆ ಗೊತ್ತಿರುತ್ತದೆ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಲಿಲ್ಲ. ಬದಲಿಗೆ ಮರುದಿನದ ಪ್ರಾರ್ಥನೆಯಲ್ಲಿ, ಹೆಸರು ಹೇಳದೆ, ಆದರೆ ತರಗತಿ ಹೇಳಿ, "ಆರನೇ ತರಗತಿಯ ಕೆಲವು ಹೆಣ್ಣುಮಕ್ಕಳು ಮೊಬೈಲ್ ದುರುಪಯೋಗ ಮಾಡುತ್ತಿದ್ದಾರೆ" ಎಂದು ಮೈಕಿನಲ್ಲಿ ಸಾರಿದರು. ಗುಂಪು ಕಟ್ಟಿದವರು ಅವರು, ಲಿಂಕ್ ಹಂಚಿದವರು ಅವರು, ತಲೆ ತಗ್ಗಿಸಿ ನಿಂತವಳು ನನ್ನ ಮಗಳು. ಈ ವಾಕ್ಯವನ್ನು ದಯವಿಟ್ಟು ಮತ್ತೊಮ್ಮೆ ಓದಿ.

ನಮ್ಮ ಗಲಾಟೆಯ ನಂತರ ಶಾಲೆಯಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ನಡೆಯಿತು. ತಿಂಗಳ ಮೊದಲ ಬುಧವಾರವನ್ನು ಸೈಬರ್ ಜಾಗೃತಿ ದಿನವಾಗಿ ಆಚರಿಸಬೇಕೆಂಬ ಕೇಂದ್ರದ ಸೂಚನೆ ಒಂದಿದೆಯಲ್ಲ, ಅದು ಅಂದು ಎಲ್ಲರಿಗೂ ನೆನಪಾಯಿತು. ಬ್ಯಾನರ್ ಕಟ್ಟಿದರು, ಅತಿಥಿಗಳಿಗೆ ಹಾರ ಹಾಕಿದರು. ಅತಿಥಿಗಳು ಮೊಬೈಲ್ ಒಂದು ವಿಷ, ಮುಟ್ಟಬೇಡಿ ಎಂದರು, ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸಂಜೆಯ ಹೋಮ್‌ವರ್ಕ್: ಕಾರ್ಯಕ್ರಮದ ಬಗ್ಗೆ ಒಂದು ಪುಟ ಬರೆದು ಫೋಟೊ ತೆಗೆದು ಗುಂಪಿಗೆ ಹಾಕಿ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಸಚಿವರೇ. ಅಷ್ಟು ಕಲ್ಪನಾಶಕ್ತಿ ನನಗಿಲ್ಲ.

ನನ್ನ ಮಗಳಿಗೆ ಕಂಪ್ಯೂಟರ್ ಪಾಠವೂ ಇದೆ. ಸಿಪಿಯು ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದರಲ್ಲಿ ಅವಳಿಗೆ ಪೂರ್ಣ ಅಂಕ. ಆದರೆ ಇಂಟರ್ನೆಟ್ ಎಂಬುದು ತನ್ನ ಮೊಬೈಲಿನೊಳಗೆ ಇರುವ ವಸ್ತುವಲ್ಲ, ಟವರ್ ದಾಟಿ, ನೆಲದಡಿಯ ಮತ್ತು ಸಮುದ್ರದ ತಳದ ಕೇಬಲ್‌ಗಳಲ್ಲಿ ಸಾಗಿ, ಯಾವುದೋ ಕಂಪನಿಯ ಕಂಪ್ಯೂಟರ್‌ಗಳನ್ನು ಮುಟ್ಟುವ ಜಾಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಳುಹಿಸಿದ ಫೋಟೊ ಕೈಬದಲಾಗುವುದಿಲ್ಲ, ಅದರ ಪ್ರತಿಯಾಗುತ್ತದೆ. "ಎಲ್ಲರಿಗೂ ಅಳಿಸು" ಎಂದು ಒತ್ತುವ ಮೊದಲೇ ಎದುರಿನವನು ಸ್ಕ್ರೀನ್‌ಶಾಟ್ ತೆಗೆದಿದ್ದರೆ ಆ ಗುಂಡಿ ಅದನ್ನು ಮುಟ್ಟದು. ಲಾಂಛನವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆಟದಲ್ಲಿ ಜೊತೆಯಾದ "ಹನ್ನೆರಡು ವರ್ಷದ ಹುಡುಗ" ನಲವತ್ತರ ಗಂಡಸಾಗಿರಬಹುದು. ಬ್ರೌಸರ್‌ನ ಗುಪ್ತ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ನೋಡಿದ್ದು ಆ ಮೊಬೈಲಿನ ಇತಿಹಾಸದಲ್ಲಿ ಉಳಿಯದು, ಆದರೆ ಜಾಲತಾಣದವರಿಗೂ ಇಂಟರ್ನೆಟ್ ಕೊಡುವ ಕಂಪನಿಗೂ ತಿಳಿಯಬಹುದು. ಬೆದರಿಕೆ ಬಂದರೆ ಹಣವನ್ನಾಗಲಿ ಇನ್ನೊಂದು ಫೋಟೊವನ್ನಾಗಲಿ ಕೊಡಬಾರದು, ಸಂದೇಶಗಳನ್ನು ಅಳಿಸಬಾರದು, ದೊಡ್ಡವರಿಗೆ ತೋರಿಸಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಮುಖ್ಯವಾಗಿ, ಹೇಳಿದ ಮಗುವಿಗೆ ಬೈಗುಳ ಇಲ್ಲ ಎಂಬ ಭರವಸೆ ಬೇಕು. ಮೊಬೈಲ್ ಕಿತ್ತುಕೊಳ್ಳುತ್ತೇವೆ ಎಂದು ನಾವೆಲ್ಲ ಹೆದರಿಸುವುದರಿಂದಲೇ ಅಂಥವನ ಕೆಲಸ ಸುಲಭವಾಗುತ್ತದೆ. ಮಗು ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು.

ಇಷ್ಟನ್ನು ಒಂದು ಭಾಷಣದಲ್ಲಿ ಮುಗಿಸಲು ಆಗದು. ಅದಕ್ಕೇ ವಾರಕ್ಕೊಂದು ಪೀರಿಯಡ್ ಕೇಳುತ್ತಿದ್ದೇನೆ. ಪಠ್ಯದ ಹೊರೆ ಹೆಚ್ಚಾಗುತ್ತದೆ ಎನ್ನುತ್ತೀರಾದರೆ ಸಿಪಿಯು ಚಿತ್ರವನ್ನು ತೆಗೆದುಹಾಕಿ, ಜಾಗ ಸಿಗುತ್ತದೆ.

ಜೊತೆಗೆ, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುವ 2023ರ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಶಾಲೆಗಳಿಗೂ ಒಮ್ಮೆ ಓದಿಸಿ. ಮಕ್ಕಳ ಹೆಸರು, ತರಗತಿ, ಮುಖ ಸೇರಿಸಿ ಫೇಸ್‌ಬುಕ್ಕಿಗೆ ಹಾಕುವಾಗ ನಮ್ಮನ್ನು ಯಾರೂ ಕೇಳಿದ್ದಿಲ್ಲ.

ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯಲ್ಲಿ ಆ ಪೀರಿಯಡ್ ಇರಲಿ, ಅದನ್ನು ತೆಗೆದುಕೊಳ್ಳುವ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲೇ ತರಬೇತಿ ಆಗಲಿ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ. "ಮಕ್ಕಳಿಗೆ ಮೊಬೈಲ್ ಕೊಡಬೇಡಿ" ಎಂಬುದೇ ಆ ಉತ್ತರವಾದರೆ ಅದನ್ನು ಮೊದಲು ನಿಮ್ಮ ಶಾಲೆಗಳಿಗೆ ಕಳುಹಿಸಿ. ವಾಟ್ಸಾಪ್‌ನಲ್ಲಿ ಬೇಡ, ಕಾಗದದಲ್ಲಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ