ಹೇಮಗಂಗೋತ್ರಿಯ ಪಾಠ ಮಹಾರಾಜ ಪಾರ್ಕಿಗೂ ಬರಲಿ

ಸಂಪಾದಕರಿಗೆ,

ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆರೆದರೆ ಹಳೇ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಲಿಪಾಡ್ಯಮಿ ಮುಗಿದು ಬಾಗಿಲು ಹಾಕಿದ ಮೇಲೆ ಆ ಬೀದಿಗಳಿಗೆ ಹೊರಗಿನವರು ಬರಲು ಮತ್ತೊಂದು ವರ್ಷ ಕಾಯಬೇಕು. 2022ರ ತಿದ್ದುಪಡಿ ಕಾಯ್ದೆಯಿಂದ ಹಾಸನಕ್ಕೆ ಸ್ವಂತ ವಿಶ್ವವಿದ್ಯಾಲಯವೇನೋ ಬಂತು. ಅದು ಇರುವುದು ಊರಾಚೆಯ ಹೇಮಗಂಗೋತ್ರಿಯಲ್ಲಿ. ತರಗತಿ ಮುಗಿಸಿ ವಿದ್ಯಾರ್ಥಿ ಪೇಟೆಗೆ ಬರುವ ಹೊತ್ತಿಗೆ ಮಹಾರಾಜ ಪಾರ್ಕಿನ ವಸ್ತುಸಂಗ್ರಹಾಲಯಕ್ಕೆ ಬೀಗ ಬಿದ್ದಿರುತ್ತದೆ. ವಿಶ್ವವಿದ್ಯಾಲಯವನ್ನು ಉಳಿಸಬೇಕೋ ವಿಲೀನ ಮಾಡಬೇಕೋ ಎಂಬ ಚರ್ಚೆ ಏನೇ ಆಗಲಿ, ಊರಿಗೂ ವಿದ್ಯಾರ್ಥಿಗಳಿಗೂ ನಂಟು ಬೆಳೆಸಲು ಹೊಸ ಕಟ್ಟಡ ಬೇಕಿಲ್ಲ. ವೇಳಾಪಟ್ಟಿ, ಬಸ್ಸು, ಪಾದಚಾರಿ ಮಾರ್ಗ, ಈ ಮೂರು ಸರಿಯಾದರೆ ಸಾಕು.

ಮೊದಲು ವೇಳಾಪಟ್ಟಿ. ಇತಿಹಾಸ, ಕನ್ನಡ ವಿಭಾಗಗಳು ವಾರದಲ್ಲಿ ಒಂದು ಮಧ್ಯಾಹ್ನದ ಪಾಠವನ್ನು ವಸ್ತುಸಂಗ್ರಹಾಲಯದಲ್ಲೇ ನಡೆಸಬಹುದು. ಶಿಲ್ಪ, ಶಾಸನ, ನಾಣ್ಯ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲೇ ಈ ಜಿಲ್ಲೆಯ ಶಾಸನಗಳಿಗೆಂದು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಒಂದು ಸಂಪುಟ ಮೀಸಲಿಟ್ಟರು. ಶಾಸನವನ್ನು ಮುದ್ರಿತ ಪುಟದಲ್ಲಿ ಓದುವುದು ಬೇರೆ, ಕಲ್ಲಿನ ಮುಂದೆ ಕೂತು ಓದುವುದು ಬೇರೆ. ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಪಡೆದು, ಕಲ್ಲಿನ ಅಕ್ಷರಗಳನ್ನು ಮಸಿಯಿಂದ ಕಾಗದಕ್ಕೆ ಇಳಿಸುವ ಪಡಿಯಚ್ಚು ತೆಗೆಯುವುದನ್ನೂ ಕಲಿಸಬಹುದು. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಬರೀ ನೀರಿನಲ್ಲಿ ಕಲ್ಲು ತೊಳೆದು, ನೆನೆಸಿದ ಮ್ಯಾಪ್‌ಲಿಥೋ ಎಂಬ ಮುದ್ರಣ ಕಾಗದವನ್ನು ಗುಳ್ಳೆ ಏಳದಂತೆ ಹಾಸಬೇಕು. ಆಮೇಲೆ ಬ್ರಷ್ಷಿನಿಂದ ತಟ್ಟಿ ಅಕ್ಷರದ ಗುಳಿಗೆ ಇಳಿಸಬೇಕು. ಕಾಗದ ಅರೆ ಒಣಗಿದಾಗಲೇ ಮಸಿ ಹಚ್ಚಿದ ಬಟ್ಟೆಯ ಉಂಡೆ ಮುಟ್ಟಿಸಬೇಕು. ಅವಸರಪಟ್ಟರೆ ಮಸಿ ಕಾಗದ ದಾಟಿ ಕಲ್ಲಿಗೆ ಹತ್ತುತ್ತದೆ. ಇಲಾಖೆ ಅನುಮತಿ ಕೊಡಲು ಹಿಂಜರಿಯುವುದೂ ಈ ಕಾರಣಕ್ಕೇ. ಹಾಗಾಗಿ ಮೊದಲ ತಿಂಗಳು ಸಾಮಾನ್ಯ ಚಪ್ಪಡಿಯ ಮೇಲೆ ಅಭ್ಯಾಸವಾಗಲಿ. ತೆಗೆದ ಪ್ರತಿಗಳನ್ನು ಹಾಸನಾಂಬ ಕಲಾಕ್ಷೇತ್ರದ ಪಡಸಾಲೆಯಲ್ಲಿ ತೂಗುಹಾಕಿದರೆ ಪೇಟೆಗೆ ಬಂದವರೂ ನೋಡುತ್ತಾರೆ. ಕಲಾಕ್ಷೇತ್ರದ ಬಾಡಿಗೆಯನ್ನು ವಿದ್ಯಾರ್ಥಿ ತಂಡಗಳ ಮಟ್ಟಿಗೆ ಎರಡು ಗಂಟೆಯ ಲೆಕ್ಕದಲ್ಲಿ ಕೊಡಬೇಕು. ನಲವತ್ತು ನಿಮಿಷದ ನಾಟಕಕ್ಕೆ ಇಡೀ ದಿನದ ಬಾಡಿಗೆ ಯಾರು ಕಟ್ಟುತ್ತಾರೆ?

ಇಂಥ ಯೋಜನೆಗಳು ಸೋಲುವುದು ಹೆಚ್ಚಾಗಿ ಬಸ್ಸಿನಲ್ಲಿ. ಹೇಮಗಂಗೋತ್ರಿ, ಹೊಸ ಬಸ್‌ ನಿಲ್ದಾಣ, ಎನ್.ಆರ್. ವೃತ್ತ, ಮಹಾರಾಜ ಪಾರ್ಕ್ ಸುತ್ತಿ ಮರಳಲು ನಿಲುಗಡೆ ಸೇರಿ ಒಂದು ಗಂಟೆ ಎಂದಿಟ್ಟುಕೊಳ್ಳೋಣ. 20 ನಿಮಿಷಕ್ಕೊಂದು ಬಸ್ಸು ಬೇಕೆಂದರೆ 3 ಬಸ್ಸು ಓಡಬೇಕು. ಒಂದೇ ಬಿಟ್ಟರೆ ತಪ್ಪಿಸಿಕೊಂಡವರು ಒಂದು ಗಂಟೆ ಕಾಯಬೇಕು, ಮರುವಾರ ಅವರು ಬರುವುದಿಲ್ಲ. ಆಮೇಲೆ ಜನರಿಲ್ಲ ಎಂದು ಬಸ್ಸೇ ರದ್ದಾಗುತ್ತದೆ. ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಹುಡುಗರ ಪಾಸು ಮಾತ್ರ ಮನೆ–ಕಾಲೇಜು ದಾರಿಗಷ್ಟೇ. ಅದಕ್ಕೆ ಈ ಸುತ್ತನ್ನೂ ಸೇರಿಸಬೇಕು. ನಾಟಕ ಮುಗಿಯುವುದು ರಾತ್ರಿ ಎಂಟೂವರೆಗಾದರೆ ಕೊನೆಯ ಬಸ್ಸು ಒಂಬತ್ತಕ್ಕಿರಬೇಕು, ಏಳಕ್ಕಲ್ಲ.

ಇನ್ನು ನಡೆದಾಡುವ ದಾರಿ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಅಂಗಡಿಬೀದಿಯಲ್ಲಿ ಅಡೆತಡೆಯಿಲ್ಲದ 2.5 ಮೀಟರ್, ವಸತಿ ಬೀದಿಯಲ್ಲಿ 1.8 ಮೀಟರ್ ಬೇಕು. ಟ್ರಾನ್ಸ್‌ಫಾರ್ಮರ್, ಫಲಕ, ನಿಲ್ಲಿಸಿದ ಬೈಕುಗಳನ್ನು ಕಳೆದು ಉಳಿಯುವ ಅಗಲವನ್ನೇ ಟೇಪು ಹಿಡಿದು ಅಳೆಯಬೇಕು, ನಕ್ಷೆಯಲ್ಲಿರುವುದನ್ನಲ್ಲ. ಜಾಗ ಸಾಲದೆಂದು ಮೊದಲು ತಳ್ಳುಗಾಡಿಯವರನ್ನು ಎಬ್ಬಿಸುವುದು ವಾಡಿಕೆ. ಅದು ತಪ್ಪು. ಸಂಜೆ ಬೀದಿಯಲ್ಲಿ ಬೆಳಕು, ಜನ ಇರುವುದೇ ಅವರಿಂದ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಯಾವ ಗಾಡಿ ಎಲ್ಲಿ ನಿಲ್ಲಬೇಕೆಂಬುದು ಆ ಸಮಿತಿಯಲ್ಲೇ ತೀರ್ಮಾನವಾಗಲಿ.

ಪ್ರಯೋಗ ಒಂದು ಸೆಮಿಸ್ಟರಿನ ಮಟ್ಟಿಗೆ ನಡೆಯಲಿ. ಹಾಸನಾಂಬ ಉತ್ಸವದ ದಿನಗಳಲ್ಲಿ ಮಾತ್ರ ಶುರು ಮಾಡಬಾರದು. ಆಗ ಸಂಚಾರ ಮಾರ್ಗವೇ ಬದಲಾಗಿರುತ್ತದೆ, ಬಸ್ಸಿನ ಲೆಕ್ಕ ತಲೆಕೆಳಗಾಗುತ್ತದೆ.

– ಕೆಲವು ನಿವೃತ್ತ ಅಧ್ಯಾಪಕರು ಮತ್ತು ಎಂಜಿನಿಯರುಗಳು, ಹಾಸನ