ಬೆಂಗಳೂರಿನ ಎಸ್.ಪಿ. ರಸ್ತೆಯ ಆ ಕಂಪ್ಯೂಟರ್ ರಿಪೇರಿ ಅಣ್ಣನಿಗೆ

ಹಳೆಯ ಆಟಗಳಿಗೆಂದು ಕೊಂಡ ಸೆಕೆಂಡ್‌ಹ್ಯಾಂಡ್ ಪುಟ್ಟ ಪಿಸಿ, ಆಟ ಶುರುವಾದ ಸ್ವಲ್ಪ ಹೊತ್ತಿಗೇ ಕಾದು ಆಫ್ ಆಗುತ್ತಿತ್ತು. ಮದರ್‌ಬೋರ್ಡೇ ಹೋಗಿದೆ ಎಂದು ಬೇರೆ ಕಡೆ ಹೇಳಿಬಿಟ್ಟಿದ್ದರು. ನೀವು ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚಿ, ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದನ್ನು ತೋರಿಸಿದಿರಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದಿರಿ. ಒಂದೇ ಮೂಲೆ ಮೊದಲು ಬಿಗಿದರೆ ಕೂಲರ್ ಓರೆಯಾಗಿ ಕೂರುತ್ತದೆ ಅಂದಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ಜೋರಾಗಿ ತಿರುಗಿ ಹಾಳಾಗದಿರಲೆಂದು ರೆಕ್ಕೆಗೆ ಬೆರಳು ಒತ್ತಿದ್ದು ಇನ್ನೂ ಕಣ್ಣಲ್ಲಿದೆ.

ನೀವು ನನಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಮಾರಬಹುದಿತ್ತು. ಆದರೆ 'ಕಾರ್ಡ್ ಕೂರೋ ಸ್ಲಾಟ್‌ನಿಂದ ಸಿಗೋದು ಹೆಚ್ಚೆಂದ್ರೆ 75 ವ್ಯಾಟ್, ಹಳೇ ಆಟಕ್ಕೆ ವಿಂಡೋಸ್ ಎಕ್ಸ್‌ಪಿ ಡ್ರೈವರೂ ಸಿಗಬೇಕಲ್ವಾ' ಎಂದು 60 ವ್ಯಾಟ್‌ನ ಲೋ ಪ್ರೊಫೈಲ್ (ಪುಟ್ಟ ಪಿಸಿಗೆ ಹಿಡಿಸುವ ಗಿಡ್ಡ) ಜಿಟಿಎಕ್ಸ್ 750 ಟಿಐ ಕಾರ್ಡ್ ಹುಡುಕಿಕೊಟ್ಟಿರಿ. ಈಗ ಗಂಟೆಗಟ್ಟಲೆ ಆಡಿದರೂ ಪ್ರೊಸೆಸರ್ 65 ಡಿಗ್ರಿ ದಾಟುತ್ತಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.