ಬಕ್ನರ್‌ನ ಹೆಸರು ನೀನು ಎತ್ತಿದ ಮೇಲೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಶಿಕಾಗೋ ತಲುಪಿ ಹತ್ತು ದಿನಗಳಾದವು. ತಲುಪಿದ ಸುದ್ದಿ ಅಪ್ಪನ ಫೋನಿಗೆ ಬಂತೇ ಹೊರತು ನನ್ನ ಫೋನಿಗೆ ಬರಲಿಲ್ಲ. ಅದಕ್ಕೆ ನಾನು ಬೇಸರಿಸಿಕೊಳ್ಳುವಂತಿಲ್ಲ. ಹೊರಡುವ ಹಿಂದಿನ ದಿನ ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ನಾನು ಆ ಹಳೆಯ ವಿಷಯವನ್ನು ಮತ್ತೆ ತೆಗೆದೆ. ನೀನು ಅರ್ಧ ಊಟದಲ್ಲಿ ಎದ್ದು, "ಹದಿನೈದು ವರ್ಷದಿಂದ ನನ್ನನ್ನು ಬಕ್ನರ್ ಮಾಡಿ ಇಟ್ಟಿದ್ದೀಯ ಅಮ್ಮ" ಎಂದು ಹೇಳಿ ಮಹಡಿ ಹತ್ತಿ ಹೋದೆ. ಬಕ್ನರ್ ಒಬ್ಬ ಬೇಸ್‌ಬಾಲ್ ಆಟಗಾರನೆಂದು ನೆಂಟರಿಗೆ ತಿಳಿಯಲಿಲ್ಲ. ನೀನು ಮದುವೆಯಾಗಲು ಒಪ್ಪದ ಯಾವನೋ ಹುಡುಗನಿರಬೇಕೆಂದುಕೊಂಡು ಅವರು ಮಾತು ಬದಲಿಸಿದರು. ನನಗೆ ಮಾತ್ರ ಆ ಹೆಸರು ಅಂದಿನಿಂದ ಕಿವಿಯಲ್ಲೇ ಕುಳಿತಿದೆ.

ಆ ನವೆಂಬರಿನಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಮೂರನೆಯವರಿಗೆ ಹೇಳಿ ಹೇಳಿಯೇ ಅಲ್ಲವೇ ನಾನು ಇಷ್ಟು ಕೆಡಿಸಿದ್ದು.

ಬಕ್ನರ್‌ನ ವಿಷಯಕ್ಕೆ ಬರುತ್ತೇನೆ. 1985ರಲ್ಲಿ ಮದುವೆಯಾಗಿ ಸಾಗರದಿಂದ ಇಲ್ಲಿ ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ಗೆ ಬಂದಾಗ, ನಾವು ಬಾಡಿಗೆಗಿದ್ದ ಮರದ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿ ಅಜ್ಜಿ ಒಬ್ಬರೇ ಇದ್ದರು. ಅಪ್ಪ ಪ್ರಯೋಗಾಲಯದಿಂದ ಬರುವುದು ರಾತ್ರಿಯಾಗುತ್ತಿತ್ತು. ನನಗೆ ಇಲ್ಲಿನವರ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ಕಿಟಕಿಯಾಚೆ ಮಾತನಾಡುವ ಜನ ಕಾಣುತ್ತಿರಲಿಲ್ಲ. ಅಜ್ಜಿಯ ಅಡುಗೆಮನೆಯ ರೇಡಿಯೋ ಮಾತ್ರ ಬೇಸಿಗೆಯ ಪ್ರತಿ ಸಂಜೆಯೂ ಬೇಸ್‌ಬಾಲ್ ಆಟದ ವಿವರಣೆ ಕೊಡುತ್ತಾ ಮಾತನಾಡುತ್ತಿತ್ತು. ಊರಿನಲ್ಲಿ ನನ್ನ ಅಪ್ಪ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳುತ್ತಿದ್ದ ದನಿಯನ್ನೇ ಅದು ಹೋಲುತ್ತಿದ್ದುದರಿಂದ ನಾನು ಮೆಟ್ಟಿಲಿಳಿದು ಹೋಗಿ ಕೂರತೊಡಗಿದೆ. ಅಜ್ಜಿ ಒಂದು ಉದ್ದನೆಯ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಪ್ರತಿ ಎಸೆತದ ಫಲವನ್ನೂ ಚಿಕ್ಕ ಚೌಕಗಳಲ್ಲಿ ಬರೆದಿಡುತ್ತಿದ್ದರು. ನಮ್ಮ ಬಾಸ್ಟನ್ನಿನ ತಂಡ ರೆಡ್ ಸಾಕ್ಸ್ ಅಲ್ಲಿಯವರೆಗೆ ಕೊನೆಯ ಬಾರಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಪಂದ್ಯಸರಣಿ, ಗೆದ್ದದ್ದು 1918ರ ಸೆಪ್ಟೆಂಬರಿನಲ್ಲಿ. ಆಗ ಅವರಿಗೆ ಎಂಟು ವರ್ಷ. ಅಂದು ಸೋತದ್ದು ನೀನು ಈಗ ಹೋಗಿ ನೆಲೆಸಿರುವ ಊರಿನ ಕಬ್ಸ್ ತಂಡವೇ ಎಂಬುದು ನಿನಗೆ ತಿಳಿದಿರಲಿ. ಅಪ್ಪನ ಹೆಗಲ ಮೇಲೆ ಕುಳಿತು ಬೀದಿಯ ಸಂಭ್ರಮ ನೋಡಿದ್ದನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದರೆಂದರೆ, ನಾನೇ ಆ ಹೆಗಲ ಮೇಲಿದ್ದೆನೇನೋ ಎಂದು ಕೆಲವೊಮ್ಮೆ ಅನ್ನಿಸುತ್ತಿತ್ತು.

1986ರ ಅಕ್ಟೋಬರ್ 25, ಶನಿವಾರ ರಾತ್ರಿ. ನ್ಯೂಯಾರ್ಕಿನಲ್ಲಿ ಅಲ್ಲಿನ ಮೆಟ್ಸ್ ತಂಡದ ಎದುರು ವರ್ಲ್ಡ್ ಸೀರೀಸಿನ ಆರನೆಯ ಪಂದ್ಯ. ಹತ್ತನೆಯ ಇನ್ನಿಂಗ್ಸಿನಲ್ಲಿ ನಾವು 5–3ರಿಂದ ಮುಂದಿದ್ದೆವು. ಎದುರಾಳಿಗಳ ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಸರಣಿ ನಮ್ಮದು. ರನ್ ಗಳಿಸಲು ಸುತ್ತಿಬರಬೇಕಾದ ಬೇಸ್‌ಗಳ ಮೇಲೆ ಅವರವನು ಒಬ್ಬನೂ ಇರಲಿಲ್ಲ. ಬಾಸ್ಟನ್ನಿಗೆ ಅಭಿನಂದನೆ ಹೇಳುವ ಅಕ್ಷರಗಳು ಅವರದೇ ಕ್ರೀಡಾಂಗಣದ ಫಲಕದಲ್ಲಿ ಒಂದು ಕ್ಷಣ ಮಿನುಗಿಹೋದವು. ಅಜ್ಜಿ ಜಪಮಾಲೆಯನ್ನು ಪಕ್ಕಕ್ಕಿಟ್ಟು ಗ್ಲಾಸು ತರಲು ಎದ್ದಿದ್ದರು. ಅಲ್ಲಿಂದ ಮೂರು ಹೊಡೆತ, ಕ್ಯಾಚರನ ಕೈ ಮೀರಿ ಹೋದ ಒಂದು ಎಸೆತ, ಸ್ಕೋರು 5–5. ಅದಾದ ಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ಫಸ್ಟ್ ಬೇಸ್‌ನತ್ತ ಮೆಲ್ಲಗೆ ಉರುಳುತ್ತಾ ಬಂದು, ಕಾಲಿನ ಮಣಿಗಂಟಿನ ನೋವಿನಲ್ಲೇ ಆ ವರ್ಷವಿಡೀ ಆಡಿದ್ದ ಬಿಲ್ ಬಕ್ನರ್‌ನ ಎರಡು ಕಾಲುಗಳ ನಡುವೆ ನುಸುಳಿ ಹೋಯಿತು, ಪಂದ್ಯವೂ ಹೋಯಿತು. ಅಜ್ಜಿ ಗ್ಲಾಸನ್ನು ಕಪಾಟಿನಲ್ಲಿ ಮತ್ತೆ ಅದರ ಜಾಗಕ್ಕೇ ಇಟ್ಟರು.

ಜನ ಆಮೇಲೆ ನೆನಪಿಟ್ಟುಕೊಂಡದ್ದು ಆ ಚೆಂಡೊಂದನ್ನೇ. ಅದು ಉರುಳಿ ಬರುವ ಮೊದಲೇ ಮುನ್ನಡೆ ಕೈತಪ್ಪಿತ್ತೆಂಬುದನ್ನೂ, ಎರಡು ದಿನ ಬಿಟ್ಟು ಏಳನೆಯ ಪಂದ್ಯ ಬಾಕಿಯಿತ್ತೆಂಬುದನ್ನೂ, ಅದರಲ್ಲಿಯೂ 3–0 ಮುಂದಿದ್ದು ನಾವು ಸೋತೆವೆಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ 2,715 ಹಿಟ್‌ಗಳನ್ನು ತನ್ನ ಹೆಸರಿನಲ್ಲಿ ಉಳಿಸಿಹೋದ ಆಟಗಾರ ಒಂದು ಚೆಂಡಿನ ಹೆಸರಾಗಿಬಿಟ್ಟ. 1990ರಲ್ಲಿ ಅವನು ಮತ್ತೆ ಬಾಸ್ಟನ್ನಿಗೆ ಆಡಲು ಬಂದಾಗ ನಮ್ಮ ತಂಡದ ಕ್ರೀಡಾಂಗಣವಾದ ಫೆನ್‌ವೇಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನಿಜ. ಆದರೆ ಟೀವಿಯವರು ಆ ತುಣುಕನ್ನು ತೋರಿಸುವುದನ್ನು ಬಿಡಲಿಲ್ಲ, ನಾವು ನೋಡುವುದನ್ನೂ ಬಿಡಲಿಲ್ಲ. ಅವನು ಸಂಸಾರ ಸಮೇತ ದೂರದ ಐಡಹೋಗೆ ಹೋಗಿ ನೆಲೆಸಿದ.

2004ರದು ನಿನಗೆ ನೆನಪಿದೆ. ಗ್ರಹಣದ ರಾತ್ರಿ ನಾನು ಊಟ ಮಾಡದೆ ಕುಳಿತದ್ದು, ಕೆಂಪು ಚಂದ್ರನ ಕೆಳಗೆ 86 ವರ್ಷಗಳ ಬರ ನೀಗಿದ್ದು, ಆ ವಾರ ಊರಿನ ಸ್ಮಶಾನಗಳಲ್ಲೆಲ್ಲ ಜನ ತಮ್ಮ ಹಿರಿಯರ ಗೋರಿಗಳ ಮೇಲೆ ಟೋಪಿಗಳನ್ನೂ ಪತ್ರಿಕೆಗಳನ್ನೂ ಇಟ್ಟಿದ್ದು. ನೀನು ಹುಟ್ಟುವ ಹಿಂದಿನ ವರ್ಷ ತೀರಿಹೋಗಿದ್ದ ಅಜ್ಜಿಗೆ ನಾವಿಬ್ಬರೂ ಪತ್ರಿಕೆ ಒಯ್ದು ಕೊಟ್ಟೆವು. ಗಾಳಿಗೆ ಹಾರದಂತೆ ಕಲ್ಲು ಹುಡುಕಿ ತಂದವಳು ನೀನೇ.

ನನ್ನನ್ನು ಕಾಡುತ್ತಿರುವುದು ಅದಲ್ಲ, 2008ರ ಏಪ್ರಿಲ್ 8. ಮಂಗಳವಾರ. ಫೆನ್‌ವೇಯಲ್ಲಿ ಆ ವರ್ಷದ ಮೊದಲ ಪಂದ್ಯ. ನಿನಗೆ ಹೊಟ್ಟೆನೋವೆಂದು ಶಾಲೆಗೆ ಚೀಟಿ ಬರೆದುಕೊಟ್ಟು ನಾನೇ ನಿನ್ನನ್ನು ಮನೆಯಲ್ಲಿ ಉಳಿಸಿಕೊಂಡೆ. ಸುಳ್ಳು ಹೇಳಬಾರದೆಂದು ಸದಾ ಬುದ್ಧಿ ಹೇಳುವವಳು ನಾನೆಂಬುದನ್ನು ನೀನು ಆಗಲೇ ಗಮನಿಸಿರಬೇಕು. ಎಡಗಡೆಯ ಹಸಿರು ಗೋಡೆಯ ಕಡೆಯಿಂದ ಬಕ್ನರ್ ಒಬ್ಬನೇ ಮೈದಾನದೊಳಕ್ಕೆ ನಡೆದು ಬಂದ. ಅಷ್ಟು ದೊಡ್ಡ ಹುಲ್ಲಿನ ಹಾಸಿನ ಮೇಲೆ ಒಬ್ಬನೇ ಮನುಷ್ಯ. ಜನರೆಲ್ಲ ಎದ್ದು ನಿಂತಿದ್ದರು, ಚಪ್ಪಾಳೆ ನಿಲ್ಲುತ್ತಲೇ ಇರಲಿಲ್ಲ. ಅವನು ಕಣ್ಣೊರೆಸಿಕೊಂಡು, ತನ್ನ ಹಳೆಯ ಜೊತೆಗಾರ ಡ್ವೈಟ್ ಇವಾನ್ಸ್‌ಗೆ ಆ ದಿನದ ಮೊದಲ ಚೆಂಡನ್ನು ಎಸೆದ. ನಾನೂ ಅತ್ತೆ. ನೀನು ಅಳಲಿಲ್ಲ. ನೆಲದ ಮೇಲೆ ಕುಳಿತಿದ್ದವಳು ತಿರುಗಿ, "ಆಟ ಮುಗಿದು ಇಪ್ಪತ್ತೆರಡು ವರ್ಷವಾಯಿತಲ್ಲ ಅಮ್ಮ, ಇವರೆಲ್ಲ ಇಷ್ಟು ದಿನ ಏನು ಮಾಡುತ್ತಿದ್ದರು?" ಎಂದು ಕೇಳಿದೆ.

ನಾನು ಕೊಟ್ಟ ಉತ್ತರವೂ ನನಗೆ ನೆನಪಿದೆ. ನಿಜವಾದ ಅಭಿಮಾನಿ ಮರೆಯುವುದಿಲ್ಲ, ಗೆದ್ದಾಗ ಬಂದು ಸೋತಾಗ ಹೋಗುವವರು ಮರೆಯುತ್ತಾರೆ, ನಾವು ಅಂಥವರಲ್ಲ ಎಂದೆ. ಹನ್ನೆರಡು ವರ್ಷದ ಹುಡುಗಿಯ ಮುಂದೆ ಎಷ್ಟು ಹೆಮ್ಮೆಯಿಂದ ಹೇಳಿದೆ! ಗೋಡೆಯ ಬಳಿಯಿಂದ ಮೈದಾನದ ನಡುವಿನವರೆಗೆ ಅವನು ನಡೆದ ಆ ದಾರಿ ಈ ಹತ್ತು ದಿನಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದೆ. ಚಪ್ಪಾಳೆ ತಟ್ಟಿದವರಿಗೆ ಅದು ಸುಲಭವಾಗಿತ್ತು. 2004ರಲ್ಲಿಯೂ 2007ರಲ್ಲಿಯೂ ಗೆದ್ದು ಹೊಟ್ಟೆ ತುಂಬಿದವರು ನಾವು. ನಡೆದು ಬರಬೇಕಾದವನು ಅವನು. ಪತ್ರಿಕೆ, ಟೀವಿಗಳವರನ್ನು ಮನಸ್ಸಿನಲ್ಲಿ ಕ್ಷಮಿಸಬೇಕಾಯಿತೆಂದು ಅವನು ಅಂದೇ ಹೇಳಿದ. ಕ್ಷಮಿಸಬೇಕಾದವರು ನಾವಲ್ಲ, ಅವನು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. 2019ರಲ್ಲಿ ಅವನು ತೀರಿಕೊಂಡದ್ದು ನೆನಪಿನ ಶಕ್ತಿಯನ್ನೇ ಕಬಳಿಸುವ ಕಾಯಿಲೆಯಿಂದ.

ನಿನ್ನ ಪ್ರಶ್ನೆಗೆ ಆ ಉತ್ತರ ಕೊಟ್ಟು ಎರಡೂವರೆ ವರ್ಷಕ್ಕೆ ಆ ನವೆಂಬರ್ ಬಂತು.

ಬರೆಯುವುದಿಲ್ಲವೆಂದು ಮೇಲೆ ಹೇಳಿದ್ದೆ. ಆದರೂ ಒಂದು ಲೆಕ್ಕವನ್ನು ಬರೆಯಲೇಬೇಕಾಗಿದೆ. ಮೊನ್ನೆ ರಾತ್ರಿ ಅದನ್ನು ಮೊದಲ ಬಾರಿಗೆ ಹಾಕಿ ನೋಡಿದೆ. ಮಾವ ಫೋನು ಮಾಡಿದ್ದು ಶುಕ್ರವಾರ ಇಲ್ಲಿನ ಸಂಜೆ ನಾಲ್ಕಕ್ಕೆ. ಸಾಗರದಲ್ಲಿ ಆಗ ಶನಿವಾರ ಬೆಳಗಿನ ಜಾವ ಎರಡೂವರೆ. ಅಜ್ಜ ಹೋದದ್ದು ಅಲ್ಲಿನ ಶನಿವಾರ ರಾತ್ರಿ ಎಂಟಕ್ಕೆ. ನಡುವೆ ಇದ್ದದ್ದು ಹದಿನೇಳೂವರೆ ಗಂಟೆ. ಇಲ್ಲಿಂದ ಬೆಂಗಳೂರಿಗೇ ಇಪ್ಪತ್ತು ಗಂಟೆಗೆ ಕಡಿಮೆಯಿಲ್ಲ, ಅಲ್ಲಿಂದ ಸಾಗರಕ್ಕೆ ಮತ್ತೊಂದು ರಾತ್ರಿಯ ಬಸ್ಸು. ನೀನು ಫೋನನ್ನು ಕೆಳಗಿಟ್ಟ ಮರುಕ್ಷಣವೇ ನನಗೆ ಹೇಳಿದ್ದರೂ ನಾನು ತಲುಪುತ್ತಿರಲಿಲ್ಲ. ಹದಿನೈದು ವರ್ಷ ಮನೆಗೆ ಬಂದವರಿಗೆಲ್ಲ "ಇವಳು ಹೇಳಿದ್ದಿದ್ದರೆ" ಎಂದು ಹೇಳಿಕೊಂಡು ಬಂದವಳು ಈ ಸಣ್ಣ ಕೂಡುಲೆಕ್ಕವನ್ನು ಒಂದು ದಿನವೂ ಮಾಡಲಿಲ್ಲ. ಫೋನಿನಲ್ಲಿ ಅವರ ದನಿಯನ್ನಾದರೂ ಕೇಳಬಹುದಿತ್ತು ಎಂಬುದೊಂದು ಉಳಿಯುತ್ತದೆ. ನೋಡು, ಮತ್ತೆ ಅಲ್ಲಿಗೇ ಬಂದೆ. ಈ ಸಾಲನ್ನು ಹೊಡೆದುಹಾಕಬೇಕೆಂದು ಪೆನ್ನು ಎತ್ತಿದೆ, ಆದರೆ ಹೊಡೆದುಹಾಕಿದರೂ ನೀನು ಬೆಳಕಿಗೆ ಹಿಡಿದು ಓದುವವಳೆಂದು ಗೊತ್ತಿರುವುದರಿಂದ ಬಿಟ್ಟಿದ್ದೇನೆ. ನಿನಗೆ ಆಗ ಹದಿನೈದು ವರ್ಷ, ಮರುದಿನ ಪರೀಕ್ಷೆಯಿತ್ತು, ನನಗೆ ಹೇಳಲು ನೀನು ಮರೆತೆ. ತಪ್ಪಾಯಿತು ಮಗಳೇ, ನನ್ನದು.

ನೀನಿರುವ ಊರಿನವರದೂ ಇಂಥದೇ ನೆನಪು. 2003ರ ಅಕ್ಟೋಬರಿನಲ್ಲಿ ಕಬ್ಸ್ ತಂಡ ವರ್ಲ್ಡ್ ಸೀರೀಸ್ ತಲುಪಲು ಇನ್ನು ಐದೇ ಔಟ್‌ಗಳು ಬಾಕಿಯಿದ್ದಾಗ, ಪ್ರೇಕ್ಷಕನಾಗಿ ಕುಳಿತಿದ್ದ ಒಬ್ಬ ಯುವಕ, ಕಬ್ಸ್ ಆಟಗಾರ ಹಿಡಿಯಲು ಹೊರಟಿದ್ದ, ತನ್ನ ಕಡೆಗೆ ಬಂದ ಚೆಂಡಿಗೆ ಕೈ ಚಾಚಿದ. ಅಕ್ಕಪಕ್ಕದವರೂ ಚಾಚಿದ್ದರು, ತಗುಲಿದ್ದು ಅವನ ಕೈಗೆ. ಆಮೇಲೆ ಆಟಗಾರನೊಬ್ಬ ಸುಲಭದ ಚೆಂಡನ್ನು ಕೈಬಿಟ್ಟ, ಎದುರಾಳಿಗಳು ಎಂಟು ರನ್ ಗಳಿಸಿದರು, ಮರುದಿನದ ಪಂದ್ಯವನ್ನೂ ಕಬ್ಸ್ ಸೋತಿತು. ಊರು ಶಪಿಸಿದ್ದು ಮಾತ್ರ ಆ ಹುಡುಗನನ್ನು. ಅವನ ಮನೆಗೆ ಪೊಲೀಸ್ ಕಾವಲು ಬೇಕಾಯಿತು. 2016ರಲ್ಲಿ, 108 ವರ್ಷಗಳ ಮೇಲೆ, ಗೆದ್ದ ನಂತರ ತಂಡದವರು ಅವನಿಗೂ ಒಂದು ವಿಜಯದ ಉಂಗುರ ಕೊಟ್ಟರು. ಅದೇ 2016ರ ಚಳಿಯಲ್ಲಿ ಜನ ಕಬ್ಸ್‌ನ ಕ್ರೀಡಾಂಗಣ ರಿಗ್ಲಿ ಫೀಲ್ಡಿನ ಇಟ್ಟಿಗೆ ಗೋಡೆಯ ಮೇಲೆ, ಗೆಲುವು ನೋಡದೆ ತೀರಿಹೋದ ತಮ್ಮವರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ಹಿರಿಯರನ್ನು ಅಷ್ಟು ಅಕ್ಕರೆಯಿಂದ ನೆನೆಯುವ ಜನವೇ ಆ ಹುಡುಗನನ್ನು ಮನೆಯೊಳಗೆ ಕೂಡಿಹಾಕಿದ್ದು. ಆ ಎರಡೂ ನೆನಪುಗಳು ನನ್ನಲ್ಲಿಯೂ ಒಂದೇ ಡಬ್ಬಿಯಲ್ಲಿವೆ. ಆದ್ದರಿಂದ ಅಲ್ಲಿ ಆಟ ನೋಡಲು ಹೋದರೆ ಜೊತೆಯವರೊಡನೆ ಸೇರಿ ಯಾರ ಮೇಲೂ ಕೂಗಬೇಡ. ರಾತ್ರಿಯ ಪಂದ್ಯವಾದರೆ ಒಬ್ಬಳೇ ರೈಲಿನಲ್ಲಿ ಬರಬೇಡ. ದಪ್ಪ ಕೋಟು ಅಕ್ಟೋಬರಿಗೆ ಮುಂಚೆಯೇ ಹೊರಗೆ ತೆಗೆ, ಅಲ್ಲಿನ ಗಾಳಿ ಇಲ್ಲಿಯದಕ್ಕಿಂತ ಕೆಟ್ಟದಂತೆ. ಬುದ್ಧಿಮಾತು ಬೇಡವೆಂದುಕೊಂಡೇ ಬರೆಯಲು ಕುಳಿತಿದ್ದೆ.

ಅಜ್ಜಿಯ ಸ್ಕೋರು ಪುಸ್ತಕವನ್ನು ಅವರು ತೀರಿಹೋದ ಮೇಲೆ ಅವರ ಮಗ ನನಗೆ ಕೊಟ್ಟಿದ್ದ. ಆ ರಾತ್ರಿಯ ಪುಟವನ್ನು ನಾನು ಇಷ್ಟು ವರ್ಷ ತೆರೆದಿರಲಿಲ್ಲ, ನಿನ್ನೆ ತೆರೆದೆ. ಪುಟ ಹರಿದಿರಬಹುದು, ಇಲ್ಲವೇ ಪೆನ್ಸಿಲ್ಲು ಕಾಗದ ತೂತಾಗುವಂತೆ ಒತ್ತಿರಬಹುದು ಎಂದುಕೊಂಡಿದ್ದೆ. ಕೊನೆಯ ಚೌಕದಲ್ಲಿ ಫಸ್ಟ್ ಬೇಸ್‌ನವನ ತಪ್ಪಿಗೆ ಬರೆಯುವ ಇ-3 ಎಂಬ ಗುರುತು ಇದೆ, ಆ ವರ್ಷದ ಬೇರೆಲ್ಲ ತಪ್ಪುಗಳನ್ನು ಬರೆದಷ್ಟೇ ಗಾತ್ರದಲ್ಲಿ. ಮುಂದಿನ ಪುಟದಲ್ಲಿ ಏಳನೆಯ ಪಂದ್ಯದ ತಾರೀಖು, ಆಟಗಾರರ ಹೆಸರುಗಳು. ಬಕ್ನರ್‌ನ ಹೆಸರು ಅವನ ಎಂದಿನ ಸಾಲಿನಲ್ಲೇ ಇದೆ.

ಆ ಪುಸ್ತಕವನ್ನು ಈ ಪತ್ರದೊಂದಿಗೆ ಕಳುಹಿಸುತ್ತಿದ್ದೇನೆ. ಅದೇ ಪೆಟ್ಟಿಗೆಯಲ್ಲಿ ಅಪ್ಪೆಮಿಡಿಯ ಡಬ್ಬಿಯೂ ಇದೆ. ಮೂರು ಪ್ಲಾಸ್ಟಿಕ್ ಚೀಲ ಸುತ್ತಿದ್ದೇನಾದರೂ ರಸ ಸೋರಬಹುದು, ಪುಸ್ತಕವನ್ನು ಮೊದಲು ಹೊರಗೆ ತೆಗೆದಿಡು.

ಇಂತು,
ನಿನ್ನ ಅಮ್ಮ